ಟು ಕ್ಯಾಚ್ ಎ ಥೀಫ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್‌ಫ್ರೆಡ್ ಹಿಚ್‌ಕಾಕ್ 1955ರಲ್ಲಿ ತೆರೆಗೆ ತಂದ ಈ ಚಿತ್ರದ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಸುಲಭದವು ಮೊದಲು, ಬಿಡಿಸಿ ನೋಡಬೇಕಾದವು ಆಮೇಲೆ. ಕಳ್ಳ ಯಾರು ಎಂಬ ಗುಟ್ಟು ನಾಲ್ಕನೇ ಭಾಗದಲ್ಲಿ ಬಯಲಾಗುತ್ತದೆ. ಚಿತ್ರ ನೋಡದವರು ಅದಕ್ಕೂ ಮುಂಚೆ ನಿಲ್ಲಿಸಿ.

## 1. ಮೊದಲ ಸಲ ನೋಡುವವರಿಗೆ

ಗುಟ್ಟು ಬಿಟ್ಟುಕೊಡದೆ ಕಥೆ ಹೇಳ್ತೀರಾ?

ಜಾನ್ ರೋಬಿ ಹಿಂದೊಮ್ಮೆ ಫ್ರಾನ್ಸಿನ ದಕ್ಷಿಣ ಕರಾವಳಿಯನ್ನು ನಡುಗಿಸಿದ ಒಡವೆ ಕಳ್ಳ. ರಾತ್ರಿ ಮಾಳಿಗೆಗಳ ಮೇಲೆ ಸದ್ದಿಲ್ಲದೆ ನಡೆಯುತ್ತಿದ್ದ ಅವನಿಗೆ 'ಬೆಕ್ಕು' ಅಂತಲೇ ಹೆಸರು. ಯುದ್ಧಕಾಲದಲ್ಲಿ ಜರ್ಮನ್ನರ ವಿರುದ್ಧ ಗುಪ್ತ ಪ್ರತಿರೋಧ ಪಡೆಯಲ್ಲಿ ಹೋರಾಡಿದ್ದರಿಂದ ಶಿಕ್ಷೆಗೆ ವಿನಾಯಿತಿ ಸಿಕ್ಕಿದೆ. ಈಗ ಬೆಟ್ಟದ ಮೇಲೆ ದ್ರಾಕ್ಷಿ, ಹೂವು ಬೆಳೆದುಕೊಂಡು ತಣ್ಣಗಿದ್ದಾನೆ. ಅಷ್ಟರಲ್ಲಿ ಯಾರೋ ಅವನದೇ ವಿಧಾನದಲ್ಲಿ ಶ್ರೀಮಂತರ ಒಡವೆ ಎಗರಿಸತೊಡಗುತ್ತಾರೆ. ಪೊಲೀಸರು ನೇರ ಅವನ ಮನೆಗೇ ಬರುತ್ತಾರೆ. ತಾನು ನಿರಪರಾಧಿ ಎಂದು ತೋರಿಸಲು ಅವನಿಗಿರುವುದು ಒಂದೇ ದಾರಿ, ಹೊಸ ಕಳ್ಳನನ್ನು ತಾನೇ ಹಿಡಿಯುವುದು. ಆ ಹುಡುಕಾಟದಲ್ಲಿ ಅಮೆರಿಕದ ಶ್ರೀಮಂತ ವಿಧವೆ ಜೆಸ್ಸಿ ಸ್ಟೀವನ್ಸ್ ಮತ್ತು ಅವಳ ಮಗಳು ಫ್ರಾನ್ಸಿಸ್ ಎದುರಾಗುತ್ತಾರೆ.

ಶೀರ್ಷಿಕೆಯ ಅರ್ಥ ಏನು?

ಕಳ್ಳನನ್ನು ಹಿಡಿಯಲು ಕಳ್ಳನನ್ನೇ ಬಿಡು ಎಂಬ ಹಳೆಯ ಇಂಗ್ಲಿಷ್ ಗಾದೆಯ ತುಣುಕು ಅದು. ನಮ್ಮಲ್ಲಿ 'ಹಾವಿನ ಹೆಜ್ಜೆ ಹಾವೇ ಬಲ್ಲದು' ಅನ್ನುವುದೂ ಇದನ್ನೇ.

ಯಾರ್ಯಾರು ನಟಿಸಿದ್ದಾರೆ? ಎಷ್ಟು ಹೊತ್ತಿನ ಚಿತ್ರ?

ರೋಬಿಯಾಗಿ ಕ್ಯಾರಿ ಗ್ರಾಂಟ್, ಫ್ರಾನ್ಸಿಸ್ ಆಗಿ ಗ್ರೇಸ್ ಕೆಲ್ಲಿ, ತಾಯಿಯಾಗಿ ಜೆಸ್ಸಿ ರಾಯ್ಸ್ ಲ್ಯಾಂಡಿಸ್, ಲಂಡನ್ನಿನ ವಿಮಾ ಸಂಸ್ಥೆಯ ಪ್ರತಿನಿಧಿ ಹ್ಯೂಸನ್ ಆಗಿ ಜಾನ್ ವಿಲಿಯಮ್ಸ್. ಹೋಟೆಲ್ ಮಾಲೀಕ ಬೆರ್ತಾನಿಯ ಪಾತ್ರದಲ್ಲಿ ಷಾರ್ಲ್ ವನೆಲ್, ದಾನಿಯೆಲ್ ಎಂಬ ಹುಡುಗಿಯಾಗಿ ಬ್ರಿಜಿತ್ ಓಬರ್ ಇದ್ದಾರೆ. ಡೇವಿಡ್ ಡಾಜ್ ಅವರ 1952ರ ಕಾದಂಬರಿಯನ್ನು ಆಧರಿಸಿ ಚಿತ್ರಕಥೆ ಬರೆದವರು ಜಾನ್ ಮೈಕೇಲ್ ಹೇಯ್ಸ್. ಅವಧಿ 106 ನಿಮಿಷ.

ಹಿಚ್‌ಕಾಕ್ ಅಂದ್ರೆ ಭಯ ಆಗುತ್ತೆ. ಮಕ್ಕಳ ಜೊತೆ ನೋಡಬಹುದಾ?

ನೋಡಬಹುದು. ರಕ್ತ, ಚೂರಿ, ಕಿರುಚಾಟದ ಚಿತ್ರವಲ್ಲ ಇದು. ಒಂದು ಸಾವು ಇದೆ, ಅದೂ ಕತ್ತಲಲ್ಲಿ. ಪ್ರೇಮದ ಮಾತುಗಳಲ್ಲಿ ಎರಡರ್ಥ ಬೇಕಾದಷ್ಟಿವೆ, ಆದರೆ ಅವು ಮಕ್ಕಳ ತಲೆಯ ಮೇಲೆ ಹಾದುಹೋಗುತ್ತವೆ. ಅವರಿಗೆ ಬೇಸರವಾದೀತು ಅನ್ನುವುದೇ ಹೆಚ್ಚಿನ ಅಪಾಯ, ಯಾಕೆಂದರೆ ಮಾತು ಜಾಸ್ತಿ, ಓಟ ಕಡಿಮೆ.

ಹಿಚ್‌ಕಾಕ್ ಎಲ್ಲಿ ಕಾಣಿಸಿಕೊಳ್ತಾರೆ? ಎರಡು ಸಲ ನೋಡಿದರೂ ಸಿಗಲಿಲ್ಲ.

ಹತ್ತನೇ ನಿಮಿಷದ ಆಸುಪಾಸಿನಲ್ಲಿ ಕಾಯಿರಿ. ಪೊಲೀಸರ ಕಣ್ಣು ತಪ್ಪಿಸಿದ ರೋಬಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಒಂದು ಪಕ್ಕ ಹಕ್ಕಿಗಳ ಪಂಜರ, ಇನ್ನೊಂದು ಪಕ್ಕ ಮುಖ ಬಿಗಿದುಕೊಂಡ ದಪ್ಪ ಮನುಷ್ಯ. ಅವರೇ. ಪಂಜರ ನೋಡುತ್ತ ಕೂತವರಿಗೆ ಅವರು ತಪ್ಪಿಹೋಗುತ್ತಾರೆ.

ದೇವ್ ಆನಂದ್ ಅವರ 'ಜ್ಯುವೆಲ್ ಥೀಫ್' ಇದರದ್ದೇ ರೀಮೇಕ್ ಅಂತಾರಲ್ಲ?

ಅಲ್ಲ. ವಿಜಯ್ ಆನಂದ್ ನಿರ್ದೇಶನದ ಆ 1967ರ ಹಿಂದಿ ಚಿತ್ರದಲ್ಲಿ ನಾಯಕ ಹಳೆಯ ಕಳ್ಳನಲ್ಲ. ಅವನಂತೆಯೇ ಕಾಣುವ ಅಮರ್ ಎಂಬ ಕಳ್ಳನೊಬ್ಬನಿದ್ದಾನೆ ಅಂತ ಊರೆಲ್ಲ ಅವನನ್ನು ತಪ್ಪಾಗಿ ಗುರುತಿಸುತ್ತದೆ. ಗೊಂದಲ ಮುಖದ್ದು. ಇಲ್ಲಿ ರೋಬಿಯ ಮುಖವನ್ನು ಯಾರೂ ಎರವಲು ಪಡೆದಿಲ್ಲ, ಅವನ ಕಸುಬನ್ನು ನಕಲು ಮಾಡಿದ್ದಾರೆ. ಒಡವೆ, ಪ್ರೇಮ, ಸುಳ್ಳು ಹೆಸರು ಎರಡರಲ್ಲೂ ಇವೆ, ಆದರೆ ಕಥೆಯ ಬೇರು ಬೇರೆ ಬೇರೆ. ಸಭ್ಯ ಕಳ್ಳನ ಕಥೆಗಳು ಇವೆರಡಕ್ಕಿಂತಲೂ ಹಳೆಯವು. ಇಂಗ್ಲಿಷಿನ ರಾಫಲ್ಸ್ 1890ರ ದಶಕದ ಕೊನೆಗೆ ಬಂದ, ಫ್ರೆಂಚಿನ ಆರ್ಸೆನ್ ಲುಪ್ಯಾಂ 1905ರಲ್ಲಿ.

## 2. ತಾರೆಯರು, ಜಾಗಗಳು

ಗ್ರೇಸ್ ಕೆಲ್ಲಿಗೆ ಮೊನಾಕೊ ರಾಜಕುಮಾರ ಸಿಕ್ಕಿದ್ದು ಇದೇ ಶೂಟಿಂಗಿನಲ್ಲಾ?

ಅಲ್ಲ. ಚಿತ್ರೀಕರಣ ನಡೆದದ್ದು 1954ರಲ್ಲಿ. ಮೂರನೇ ರೇನಿಯರ್ ಅವರನ್ನು ಕೆಲ್ಲಿ ಭೇಟಿಯಾದದ್ದು 1955ರ ಮೇ ತಿಂಗಳಲ್ಲಿ, ಕಾನ್ ಚಿತ್ರೋತ್ಸವಕ್ಕೆ ಬಂದಾಗ. ಮದುವೆ 1956ರ ಏಪ್ರಿಲ್‌ನಲ್ಲಿ. ಹಿಚ್‌ಕಾಕ್ ಜೊತೆ ಅವರು ಮಾಡಿದ ಮೂರನೆಯ ಮತ್ತು ಕೊನೆಯ ಚಿತ್ರ ಇದು.

1982ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡದ್ದು ಮೊನಾಕೊ ಮೇಲಿನ ಬೆಟ್ಟದ ರಸ್ತೆಯಲ್ಲಾದ ಕಾರು ಅಪಘಾತದಿಂದ. ಚಿತ್ರದಲ್ಲಿ ಅವರು ಕಾರು ಓಡಿಸುವ ದೃಶ್ಯಕ್ಕೆ ಆ ಸಾವನ್ನು ತಳಕು ಹಾಕಿ ಹೇಳುವವರಿದ್ದಾರೆ. ದಯವಿಟ್ಟು ಹಾಗೆ ನೋಡಬೇಡಿ. ಇಪ್ಪತ್ತೆಂಟು ವರ್ಷ ಹಿಂದಿನ ಒಂದು ನಗುವಿನ ದೃಶ್ಯವನ್ನು ಅಪಶಕುನ ಮಾಡಿದರೆ ಆ ನಟಿಗೂ ಅನ್ಯಾಯ, ಚಿತ್ರಕ್ಕೂ ಅನ್ಯಾಯ.

ನಾಯಕನಿಗೆ ವಯಸ್ಸು ಜಾಸ್ತಿ ಆಗಲಿಲ್ವಾ?

ಶೂಟಿಂಗ್ ವೇಳೆಗೆ ಗ್ರಾಂಟ್‌ಗೆ 50, ಕೆಲ್ಲಿಗೆ 24. ಅಂತರ ದೊಡ್ಡದೇ. ಆದರೆ ರೋಬಿ ಕಸುಬು ಬಿಟ್ಟು ವರ್ಷಗಳೇ ಆಗಿವೆ, ಹಾಗಾಗಿ ಪಾತ್ರಕ್ಕೆ ಈ ವಯಸ್ಸು ಬೇಕೇ ಬೇಕು. ಗ್ರಾಂಟ್ ಆ ಹೊತ್ತಿಗೆ ನಟನೆಯಿಂದ ನಿವೃತ್ತಿ ಎಂದು ಹೇಳಿಯಾಗಿತ್ತು, ಹಿಚ್‌ಕಾಕ್ ಮನವೊಲಿಸಿ ಕರೆತಂದರು. ಹರೆಯದಲ್ಲಿ ಗ್ರಾಂಟ್ ದೊಂಬರಾಟದ ತಂಡವೊಂದರಲ್ಲಿ ಪಳಗಿದವರು. ಮಾಜಿ ಸರ್ಕಸ್ ಕಲಾವಿದನಾದ ರೋಬಿ ಮಾಳಿಗೆಯ ಅಂಚಿನಲ್ಲಿ ನಡೆಯುವಾಗ ಆ ಮೈಯ ಹದ ಕಾಣುತ್ತದೆ.

ತಮಾಷೆಯ ವಯಸ್ಸು ಇನ್ನೊಂದಿದೆ. ಇಲ್ಲಿ ಅತ್ತೆಯಾಗಲು ಹೊರಟ ಲ್ಯಾಂಡಿಸ್, 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್'ನಲ್ಲಿ ಗ್ರಾಂಟ್‌ಗೆ ತಾಯಿಯಾದರು. ಇಬ್ಬರ ನಡುವೆ ಇದ್ದದ್ದು ಏಳೇ ವರ್ಷ.

ಆ ಜಾಗಗಳನ್ನು ಈಗ ಹೋಗಿ ನೋಡಬಹುದಾ? ಯುರೋಪಿಗೆ ಹೋಗ್ತಾ ಇದ್ದೀವಿ.

ಬಹುಪಾಲು ಹಾಗೇ ಇವೆ. ನೀಸ್ ನಗರದಲ್ಲಿ ಉಳಿದುಕೊಂಡರೆ ಅನುಕೂಲ.

ಹೂವಿನ ಮಾರುಕಟ್ಟೆ ನೀಸ್‌ನ ಹಳೇ ಪೇಟೆಯ ಕೂರ್ ಸಾಲೆಯಾದಲ್ಲಿದೆ. ಬೆಳಿಗ್ಗೆಯೇ ಹೋಗಿ, ಸೋಮವಾರ ಬೇಡ. ಅವತ್ತು ಹೂವಿನ ಬದಲು ಹಳೆಯ ಸಾಮಾನಿನ ಸಂತೆ. ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆಯಲ್ಲಿ ಕಾನ್ ತಲುಪಬಹುದು. ಸಮುದ್ರದಂಡೆಯ ಕ್ರುವಾಸೆತ್ ರಸ್ತೆಯಲ್ಲಿರುವ ಕಾರ್ಲ್ಟನ್ ಹೋಟೆಲ್ ದೊಡ್ಡ ನವೀಕರಣದ ನಂತರ 2023ರಲ್ಲಿ ಮತ್ತೆ ತೆರೆದಿದೆ. ರೋಬಿಯ ಮನೆ ಇರುವುದು ನೀಸ್ ಹಿಂದಿನ ಬೆಟ್ಟಸಾಲಿನ ಸೇಂಟ್ ಜಾನೆ ಎಂಬ ಹಳ್ಳಿಯ ಬಳಿ. ಊರಿನ ನೆತ್ತಿಗೇ ನಿಂತ ಬಂಡೆಗೋಡೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಮನೆ ಮಾತ್ರ ಖಾಸಗಿ, ಗೇಟಿನ ಬಳಿ ನಿಲ್ಲುವ ಬದಲು ಹಳ್ಳಿಯ ಓಣಿಗಳಿಂದ ಕಣಿವೆ ನೋಡಿ. ನಾಯಕಿ ನಾಯಕನನ್ನು ಕರೆದೊಯ್ಯುವ ದೊಡ್ಡ ಬಂಗಲೆ ಕಾನ್‌ನ ಕ್ರುವಾ ದೆ ಗಾರ್ದ್ ಕೋಟೆಮನೆ, ಅದೂ ಖಾಸಗಿಯೇ.

ಫ್ರಾನ್ಸಿಸ್ ಓಡಿಸುವ ಆ ನೀಲಿ ಕಾರು ಯಾವುದು?

ಬ್ರಿಟನ್ನಿನ ಸನ್‌ಬೀಮ್ ಆಲ್ಪೈನ್, ಮೊದಲ ಮಾದರಿ. ಎರಡು ಸೀಟು, ತೆರೆದ ಮೇಲ್ಭಾಗ. ಪೊಲೀಸರ ಕಪ್ಪು ಕಾರು ಫ್ರಾನ್ಸಿನ ಸಿಟ್ರೊಯೆನ್.

## 3. ಚಿತ್ರ, ಬಣ್ಣ, ಪರದೆ

ರಾತ್ರಿ ದೃಶ್ಯಗಳೆಲ್ಲ ಹಸಿರಾಗಿ ಕಾಣ್ತವೆ. ನನ್ನ ಟಿವಿ ಕೆಟ್ಟಿದೆಯಾ?

ಕೆಟ್ಟಿಲ್ಲ, ಆ ಹಸಿರು ಬೇಕೆಂದೇ ಹಾಕಿದ್ದು. ಆ ಕಾಲದಲ್ಲಿ ಹಗಲಲ್ಲೇ ಕಡಿಮೆ ಬೆಳಕು ಒಳಬಿಟ್ಟು ಚಿತ್ರೀಕರಿಸಿ, ನೀಲಿ ಬಣ್ಣ ಬಳಿದು, ರಾತ್ರಿ ಎಂದು ನಂಬಿಸುತ್ತಿದ್ದರು. ಆ ಅಚ್ಚ ನೀಲಿ ಆಕಾಶ ಹಿಚ್‌ಕಾಕ್‌ಗೆ ಹಿಡಿಸುತ್ತಿರಲಿಲ್ಲ. ಅದನ್ನು ತಪ್ಪಿಸಲು ಹಸಿರು ಫಿಲ್ಟರ್ ಬಳಸಿದರು. ಹೆಂಚುಗಳ ಮೇಲೆ ಬೀಳುವ ಪಾಚಿಯಂಥ ಬೆಳಕು ಬಂದದ್ದು ಅಲ್ಲಿಂದ.

ಅನುಮಾನ ಉಳಿದರೆ ಹೀಗೆ ಪರೀಕ್ಷಿಸಿ. ಹಗಲಿನ ಸಮುದ್ರದಂಡೆಯ ದೃಶ್ಯಕ್ಕೆ ಹೋಗಿ. ಅಲ್ಲಿ ಚರ್ಮದ ಬಣ್ಣ ಸಹಜವಾಗಿದ್ದು ರಾತ್ರಿ ಮಾತ್ರ ಹಸಿರಾಗಿದ್ದರೆ ಎಲ್ಲ ಸರಿಯಿದೆ. ಹಗಲೂ ಹಸಿರು ಹೊಡೆದರೆ ಟಿವಿಯನ್ನು 'ವಿವಿಡ್' ಬಿಡಿಸಿ 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಮೋಡ್‌ಗೆ ಹಾಕಿ. ಚಲನೆ ನುಣುಪಾಗಿಸುವ ಸೌಲಭ್ಯವನ್ನೂ ಆರಿಸಿ. ಅದು ಸೆಕೆಂಡಿಗೆ 24 ಚೌಕಟ್ಟುಗಳ ನಡುವೆ ತಾನೇ ಚೌಕಟ್ಟು ಹುಟ್ಟಿಸಿ ಇಡೀ ಚಿತ್ರವನ್ನು ಧಾರಾವಾಹಿಯಂತೆ ಮಾಡಿಬಿಡುತ್ತದೆ.

ಪೋಸ್ಟರ್ ಮೇಲೆ ವಿಸ್ತಾವಿಷನ್ ಅಂತ ಇದೆ. ಏನದು?

ಪ್ಯಾರಾಮೌಂಟ್ 1954ರಲ್ಲಿ ತಂದ ಚಿತ್ರೀಕರಣ ಪದ್ಧತಿ. ಸಾಮಾನ್ಯ 35 ಎಂಎಂ ಕ್ಯಾಮೆರಾದಲ್ಲಿ ಫಿಲ್ಮ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಒಂದು ಚೌಕಟ್ಟಿಗೆ ಅಂಚಿನ ನಾಲ್ಕು ರಂಧ್ರದಷ್ಟು ಜಾಗ. ವಿಸ್ತಾವಿಷನ್‌ನಲ್ಲಿ ಅದೇ ಫಿಲ್ಮ್ ಅಡ್ಡಡ್ಡ ಓಡುತ್ತದೆ, ಚೌಕಟ್ಟಿಗೆ ಎಂಟು ರಂಧ್ರ. ಸ್ಟಿಲ್ ಕ್ಯಾಮೆರಾದ ಪೂರ್ಣ ಚೌಕಟ್ಟಿನಷ್ಟೇ ದೊಡ್ಡ ನೆಗೆಟಿವ್ ಸಿಗುತ್ತದೆ. ಅದನ್ನು ಕುಗ್ಗಿಸಿ ಮಾಮೂಲಿ ಪ್ರಿಂಟ್ ಮಾಡಿದಾಗ ಕಾಳುಕಾಳು ಕಾಣುವುದು ಕಡಿಮೆಯಾಗಿ ಚಿತ್ರ ಹರಿತವಾಗುತ್ತದೆ.

ಬೆಲೆ ತೆರಬೇಕಾದದ್ದು ಫಿಲ್ಮಿನಲ್ಲಿ. ಸಾಮಾನ್ಯ ಕ್ಯಾಮೆರಾ ನಿಮಿಷಕ್ಕೆ 90 ಅಡಿ ನುಂಗಿದರೆ ಇದು 180 ಅಡಿ. 1000 ಅಡಿಯ ಸುರುಳಿ ಐದೂವರೆ ನಿಮಿಷಕ್ಕೆ ಖಾಲಿ. ಹಿಚ್‌ಕಾಕ್ ಈ ಪದ್ಧತಿಯಲ್ಲಿ ತೆಗೆದ ಮೊದಲ ಚಿತ್ರ ಇದೇ. ಛಾಯಾಗ್ರಾಹಕ ರಾಬರ್ಟ್ ಬರ್ಕ್ಸ್ ಬಣ್ಣದ ಛಾಯಾಗ್ರಹಣಕ್ಕೆ ಆಸ್ಕರ್ ಪಡೆದರು. ಕಲಾ ನಿರ್ದೇಶನ ಮತ್ತು ಎಡಿತ್ ಹೆಡ್ ಅವರ ವಸ್ತ್ರವಿನ್ಯಾಸ ನಾಮನಿರ್ದೇಶನಕ್ಕೆ ನಿಂತವು.

ಕಾರಿನ ದೃಶ್ಯದಲ್ಲಿ ಹಿನ್ನೆಲೆ ನಕಲಿ ಅಂತ ಎದ್ದು ಕಾಣುತ್ತಲ್ಲ, ಯಾಕೆ?

ದೂರದ ಶಾಟ್‌ಗಳು ನಿಜವಾದ ಬೆಟ್ಟದ ರಸ್ತೆ, ಕೆಲವನ್ನು ಹೆಲಿಕಾಪ್ಟರ್‌ನಿಂದ ತೆಗೆದಿದ್ದಾರೆ. ಹತ್ತಿರದ ಮುಖಗಳು ಹಾಲಿವುಡ್ ಸ್ಟುಡಿಯೊದವು. ಮೊದಲೇ ಚಿತ್ರೀಕರಿಸಿದ ರಸ್ತೆಯನ್ನು ಅರೆಪಾರದರ್ಶಕ ಪರದೆಯ ಹಿಂದಿನಿಂದ ಬೀಳಿಸುತ್ತಾರೆ, ಅದರ ಮುಂದೆ ಕಾರಿನ ಒಡಲಲ್ಲಿ ನಟರನ್ನು ಕೂರಿಸುತ್ತಾರೆ. ಕ್ಯಾಮೆರಾದ ಮತ್ತು ಪ್ರೊಜೆಕ್ಟರಿನ ಶಟರ್ ಒಟ್ಟಿಗೇ ತೆರೆದು ಮುಚ್ಚಬೇಕು, ಇಲ್ಲದಿದ್ದರೆ ಹಿನ್ನೆಲೆ ಮಿನುಗುತ್ತದೆ.

ಇಷ್ಟಾದರೂ ಕಣ್ಣು ಮೋಸ ಹೋಗುವುದಿಲ್ಲ. ಹಿನ್ನೆಲೆಯನ್ನು ಎರಡು ಸಲ ಫಿಲ್ಮಿಗೆ ಇಳಿಸಿದ್ದರಿಂದ ಅದು ಪೇಲವ. ಮುಖದ ಮೇಲಿನ ಬೆಳಕು ಸ್ಥಿರ, ರಸ್ತೆ ತಿರುಗಿದರೂ ನೆರಳು ತಿರುಗುವುದಿಲ್ಲ. ಹಾಗಿದ್ದೂ ಈ ದೃಶ್ಯ ಕೆಲಸ ಮಾಡುತ್ತದೆ, ಯಾಕೆಂದರೆ ಹಿಚ್‌ಕಾಕ್ ನಮ್ಮ ಕಣ್ಣನ್ನು ರಸ್ತೆಯಿಂದ ಕಿತ್ತು ಗ್ರಾಂಟ್ ಕೈಗಳ ಮೇಲೆ ಇಡುತ್ತಾರೆ. ಫ್ರಾನ್ಸಿಸ್ ನೆಮ್ಮದಿಯಾಗಿ ವೇಗ ಏರಿಸುತ್ತಾಳೆ, ಮಾಳಿಗೆಗಳ ಮೇಲೆ ಹೆದರದವನ ಬೆರಳು ತನ್ನದೇ ಮೊಣಕಾಲನ್ನು ಉಜ್ಜುತ್ತ, ಹಿಸುಕುತ್ತ ಇರುತ್ತವೆ.

ಯಾವ ಪ್ರತಿ ನೋಡಬೇಕು?

1.85:1 ಅನುಪಾತದ್ದು. ಈಗಿನ ಅಗಲ ಟಿವಿಯಲ್ಲಿ ಮೇಲೆ ಕೆಳಗೆ ತೆಳ್ಳನೆಯ ಕಪ್ಪು ಪಟ್ಟಿ ಬಂದರೆ ಅದು ಸರಿಯಾದ ಲಕ್ಷಣ. ಪ್ಯಾರಾಮೌಂಟ್ 2020ರಲ್ಲಿ ತಂದ ಬ್ಲೂರೇ ಚೆನ್ನಾಗಿದೆ. ಫೋನಿನಲ್ಲಿ ಮಾತ್ರ ನೋಡಬೇಡಿ, ಅರ್ಧ ಕಥೆ ಕತ್ತಲಲ್ಲಿ ನಡೆಯುತ್ತದೆ. ಕೆಲವು ಫ್ರೆಂಚ್ ಮಾತಿಗೆ ಸಬ್‌ಟೈಟಲ್ ಇರದಿದ್ದರೆ ಗಾಬರಿಯಾಗಬೇಡಿ, ಮುಖ ನೋಡಿದರೆ ಸಾಕು.

ಬೆರ್ತಾನಿ ಮಾತಾಡುವಾಗ ತುಟಿಗೂ ಧ್ವನಿಗೂ ತಾಳ ತಪ್ಪುತ್ತೆ. ಆಡಿಯೊ ಸಮಸ್ಯೆನಾ?

ಅಲ್ಲ. ವನೆಲ್‌ಗೆ ಇಂಗ್ಲಿಷ್ ಒಲಿದಿರಲಿಲ್ಲ, ಬೇರೆಯವರಿಂದ ಕಂಠದಾನ ಮಾಡಿಸಿದ್ದಾರೆ. ಉಳಿದವರ ತುಟಿ ಸರಿಯಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ.

## 4. ಕಥೆಯ ಒಳಗೆ (ಇಲ್ಲಿಂದ ಗುಟ್ಟು ಬಯಲು)

ವಿಮಾ ಕಂಪನಿಯವನು ಕಳ್ಳನ ಕೈಗೇ ಒಡವೆಯವರ ಪಟ್ಟಿ ಕೊಡ್ತಾನಾ? ನಂಬೋಕಾಗಲ್ಲ.

ಲೆಕ್ಕ ಹಾಕಿ ನೋಡಿ. ಕದ್ದ ಒಡವೆ ಸಿಗದಿದ್ದರೆ ವಿಮೆ ಮಾಡಿಸಿದವರಿಗೆ ಹ್ಯೂಸನ್‌ನ ಸಂಸ್ಥೆ ಪೂರ್ತಿ ಹಣ ಕೊಡಬೇಕು. ಪೊಲೀಸರಿಗೆ ಬೇಕಿರುವುದು ಕಳ್ಳ, ವಿಮೆಯವನಿಗೆ ಬೇಕಿರುವುದು ಒಡವೆ. ಒಡವೆ ಸಿಗುವುದಾದರೆ ಅವನು ಅಪಾಯಕ್ಕೆ ಕೈ ಹಾಕುತ್ತಾನೆ.

ಅವನನ್ನು ಒಪ್ಪಿಸಲು ರೋಬಿ ಹೂಡುವ ವಾದ ಇಡೀ ಚಿತ್ರದ ಸೊಗಸಾದ ಮಾತುಕತೆಗಳಲ್ಲಿ ಒಂದು. ಹೋಟೆಲಿನಿಂದ ಟವೆಲ್ಲೋ ಬೂದಿ ಬಟ್ಟಲೋ ಎತ್ತಿಕೊಂಡು ಹೋದದ್ದಿದೆಯೇ, ಖರ್ಚಿನ ಲೆಕ್ಕದಲ್ಲಿ ಕೈಚಳಕ ತೋರಿಸಿದ್ದಿದೆಯೇ ಎಂದು ಒಂದೊಂದಾಗಿ ಕೆದಕುತ್ತಾನೆ. ಹ್ಯೂಸನ್ ಮುಜುಗರಪಡುತ್ತಾನೆ. ಹಾಗಾದರೆ ನೀವೂ ಕಳ್ಳರೇ, ಪಳಗಿಲ್ಲ ಅಷ್ಟೇ ಎಂಬಲ್ಲಿಗೆ ಮಾತು ಮುಟ್ಟುತ್ತದೆ.

ಕಳ್ಳಿ ದಾನಿಯೆಲ್ ಅಂತ ಮೊದಲೇ ಗೊತ್ತಾಗೋ ಸುಳಿವು ಇದೆಯಾ?

ಇದೆ, ನಾಲ್ಕು. ಒಂದು, ಅವಳ ತಂದೆ ಫೂಸಾರ್ ಮತ್ತು ರೋಬಿ ಒಂದೇ ಪಡೆಯಲ್ಲಿದ್ದವರು, ಹಾಗಾಗಿ 'ಬೆಕ್ಕಿನ' ಕಸುಬಿನ ಸೂಕ್ಷ್ಮ ಆ ಮನೆಯಲ್ಲಿ ತಿಳಿದಿತ್ತು. ಎರಡು, ತಂದೆ ಬೆರ್ತಾನಿಯ ಹೋಟೆಲಿನಲ್ಲಿ ವೈನ್ ನೋಡಿಕೊಳ್ಳುವವನು. ಆ ಹೋಟೆಲಿನವರು ಬಂಗಲೆಗಳ ಔತಣಕ್ಕೆ ಊಟ ಒದಗಿಸುತ್ತಾರೆ, ಯಾವ ಕೋಣೆ ಎಲ್ಲಿ ಎಂಬುದು ಅವರಿಗೆ ಅಂಗೈ ಮೇಲಿನ ಗೆರೆ. ಮೂರು, ದೋಣಿಯಲ್ಲಿ, ನೀರಿನಲ್ಲಿ ದಾನಿಯೆಲ್‌ಳ ಮೈ ಎಷ್ಟು ಚುರುಕು ಎಂದು ಮತ್ತೆ ಮತ್ತೆ ತೋರಿಸುತ್ತಾರೆ. ನಾಲ್ಕು, ಎಲ್ಲಕ್ಕಿಂತ ಗಟ್ಟಿಯಾದದ್ದು, ಫೂಸಾರ್‌ನ ಕೃತಕ ಕಾಲು. ಅವನು ಸತ್ತಾಗ ಇವನೇ 'ಬೆಕ್ಕು' ಎಂದು ಪೊಲೀಸರು ಕೈ ತೊಳೆದುಕೊಳ್ಳುತ್ತಾರೆ. ಆ ಕಾಲಿನಲ್ಲಿ ಮಾಳಿಗೆ ಹತ್ತಲಾಗದು ಎಂದು ರೋಬಿಗೆ ಗೊತ್ತು.

ಪತ್ತೇದಾರಿಯಾಗಿ ಇದು ಬಿಗಿಯಾದ ಕಥೆಯಲ್ಲ, ಪಳಗಿದ ಓದುಗರು ಮಧ್ಯಂತರಕ್ಕೇ ಊಹಿಸಿಬಿಡುತ್ತಾರೆ. ಗುಟ್ಟು ತಿಳಿದ ಮೇಲೆ ನೋಡಿದಾಗಲೇ ಚಿತ್ರ ಹೆಚ್ಚು ರುಚಿಸುತ್ತದೆ ಎಂಬುದು ನಮ್ಮ ಅನುಭವ.

ವೇಷದ ಔತಣದಲ್ಲಿ ರೋಬಿ ಕುಣೀತಾನೇ ಇದ್ದಾನೆ, ಮಾಳಿಗೆ ಮೇಲೂ ಇದ್ದಾನೆ. ಹೇಗೆ?

ಮುಖವಾಡದ ಒಳಗಿನ ಮನುಷ್ಯ ನಡುವೆ ಬದಲಾಗಿದ್ದಾನೆ. ಬರುವಾಗ ರೋಬಿ, ಆಮೇಲೆ ಅದೇ ವೇಷ ತೊಟ್ಟ ಹ್ಯೂಸನ್. ಫ್ರಾನ್ಸಿಸ್ ಬಂಗಾರದ ಬಣ್ಣದ ಉಡುಪಿನಲ್ಲಿ ಬೆಳಗಿನ ಜಾವದ ತನಕ ಅವನ ಜೊತೆ ಕುಣಿಯುತ್ತಾಳೆ. ಪೊಲೀಸರ ಕಣ್ಣೆಲ್ಲ ಆ ಜೋಡಿಯ ಮೇಲೆ, ಅತ್ತ ರೋಬಿ ಮಾಳಿಗೆಯಲ್ಲಿ ಕಾಯುತ್ತಾನೆ.

## 5. ಎರಡನೇ ಸಲ ನೋಡುವವರಿಗೆ

ಬಾಗಿಲ ಬಳಿಯ ಮುತ್ತು ಅಷ್ಟು ಪ್ರಸಿದ್ಧ ಯಾಕೆ?

ಅದರ ಹಿಂದಿನ ತಯಾರಿಗಾಗಿ. ತಿಳಿನೀಲಿ ಉಡುಪಿನ ಫ್ರಾನ್ಸಿಸ್ ಊಟದ ವೇಳೆ ಹೆಚ್ಚು ಮಾತಾಡುವುದಿಲ್ಲ. ಕ್ಯಾಮೆರಾ ಬೇಕೆಂದೇ ಅವಳ ಮುಖದ ಪಾರ್ಶ್ವವನ್ನು, ಮಂಜುಗಡ್ಡೆಯಂತೆ, ತೋರಿಸುತ್ತ ಹೋಗುತ್ತದೆ. ರೋಬಿ ಅವಳನ್ನು ಕೋಣೆಯ ತನಕ ಬಿಡಲು ಬರುತ್ತಾನೆ. ಅವಳು ಹೊಸ್ತಿಲಲ್ಲಿ ತಿರುಗಿ, ಒಂದು ಮಾತಿಲ್ಲದೆ ಮುತ್ತಿಟ್ಟು ಬಾಗಿಲು ಹಾಕಿಕೊಳ್ಳುತ್ತಾಳೆ. ಕದಿಯಲು ಬಂದವನಿಂದಲೇ ಅವಳು ಕದ್ದಳು, ಅದೂ ಅವನು ಕಾವಲಿಲ್ಲದೆ ನಿಂತ ಹೊತ್ತಿಗೆ.

ಪಟಾಕಿ ದೃಶ್ಯದಲ್ಲಿ ಅಂಥದ್ದೇನಿದೆ?

ಹೇಳಬಾರದ್ದನ್ನು ಹೇಳುವ ಉಪಾಯವಿದೆ. ಚಿತ್ರದಲ್ಲಿ ಏನು ತೋರಿಸಬಹುದು, ಏನು ಬಾರದು ಎಂದು ಹೇಳುವ ಆಗಿನ ಹಾಲಿವುಡ್ ನಿರ್ಮಾಣ ಸಂಹಿತೆ ಪ್ರಣಯದ ದೃಶ್ಯಗಳಿಗೆ ಬಿಗಿಯಾದ ಬೇಲಿ ಹಾಕಿತ್ತು. ಹಿಚ್‌ಕಾಕ್ ಕಿಟಕಿಯಾಚೆಯ ಪಟಾಕಿಗೂ ಕೋಣೆಯೊಳಗಿನ ಮಾತಿಗೂ ಅದಲುಬದಲು ಕತ್ತರಿಸುತ್ತ, ಪ್ರತಿ ಸಲ ಪಟಾಕಿಯನ್ನು ಹತ್ತಿರ ತರುತ್ತಾರೆ.

ಬೆಳಕನ್ನು ಗಮನಿಸಿ. ಫ್ರಾನ್ಸಿಸ್ ದೀಪ ಆರಿಸುತ್ತಾಳೆ. ಒಂದು ಕ್ಷಣ ಅವಳ ಮುಖ ಪೂರ್ತಿ ಕತ್ತಲಲ್ಲಿ ಮುಳುಗಿ, ಬಿಳಿ ಉಡುಪು ಮತ್ತು ಕೊರಳ ಹಾರ ಮಾತ್ರ ಬೆಳಗುತ್ತವೆ. ರೋಬಿ ನೋಡುತ್ತಿರುವುದು ಹಾರವನ್ನೋ ಹೆಣ್ಣನ್ನೋ ಎಂಬ ಪ್ರಶ್ನೆಯನ್ನು ಆ ಚೌಕಟ್ಟೇ ಕೇಳುತ್ತದೆ. ಅವಳು ಅವನ ಬೆರಳುಗಳಿಗೆ ಒಂದೊಂದಾಗಿ ಮುತ್ತಿಟ್ಟು ಆ ಕೈಯನ್ನು ಹಾರದ ಕೆಳಗೆ ಇಡುತ್ತಾಳೆ. ಹಾರ ನಕಲಿ ಎಂದು ಅವನಿಗೆ ನೋಡಿದ ಕೂಡಲೇ ಗೊತ್ತು, ಹೇಳಿಯೂ ಬಿಡುತ್ತಾನೆ. ತಾನು ನಕಲಿಯಲ್ಲ ಎಂದು ಅವಳು ಉತ್ತರಿಸುತ್ತಾಳೆ.

ಕೈಗಳನ್ನು ಗಮನಿಸಿ ಅಂತ ನೀವು ಹೇಳ್ತಾ ಇರ್ತೀರಿ. ಯಾಕೆ?

ಕಥೆ ನಡೆಯುವುದೇ ಅಲ್ಲಿ. ರೋಬಿಯ ಮನೆಗೆಲಸದ ಜರ್ಮೇನ್ ಮಾಡಿದ ಕಿಶ್ ಎಂಬ ಫ್ರೆಂಚ್ ತಿನಿಸನ್ನು ಹ್ಯೂಸನ್ ಹೊಗಳುತ್ತಾನೆ. ಅವಳ ಕೈ ಬಲು ಹಗುರ, ಜರ್ಮನ್ ಜನರಲ್ ಒಬ್ಬನ ಕತ್ತನ್ನು ಸದ್ದಿಲ್ಲದೆ ಹಿಸುಕಿದ ಕೈ ಅದು ಎನ್ನುತ್ತಾನೆ ರೋಬಿ. ಕಾರಿನಲ್ಲಿ ಮೊಣಕಾಲು ಹಿಸುಕುವ ಕೈ, ಪಟಾಕಿಯ ರಾತ್ರಿ ಹಾರದ ಕೆಳಗೆ ಸುಮ್ಮನೆ ಉಳಿದ ಕೈ, ಎಲ್ಲ ಒಂದೇ ಸಾಲಿನವು. ಕೊನೆಗೆ ಮಾಳಿಗೆಯಿಂದ ಜಾರಿದ ದಾನಿಯೆಲ್ ಅವನ ಮುಷ್ಟಿಯಲ್ಲಿ ನೇತಾಡುತ್ತಾಳೆ. ತಂದೆಯ ಮತ್ತು ಬೆರ್ತಾನಿಯ ಕೈವಾಡವನ್ನು ಕೆಳಗಿನ ಪೊಲೀಸರಿಗೆ ಕೇಳುವಂತೆ ಅವಳು ಒಪ್ಪಿಕೊಳ್ಳುವ ತನಕ ಅವನು ಮೇಲೆಳೆಯುವುದಿಲ್ಲ.

ಕನ್ನಡದವರಿಗೆ ಇಲ್ಲೊಂದು ಲಾಭವಿದೆ. ಕಳ್ಳನನ್ನು ಹಿಡಿಯುವುದೂ ನಮ್ಮಲ್ಲಿ 'ಹಿಡಿಯುವುದೇ', ಮದುವೆಯಾಗುವುದೂ 'ಕೈ ಹಿಡಿಯುವುದೇ'. ಚಿತ್ರ 106 ನಿಮಿಷ ಈ ಎರಡು ಹಿಡಿತಗಳ ನಡುವೆಯೇ ಓಡಾಡುತ್ತದೆ. ಶೀರ್ಷಿಕೆಯ ಕಳ್ಳ ಯಾರು, ಹಿಡಿಯುವವರು ಯಾರು ಎಂದು ಮಾಳಿಗೆಯ ದೃಶ್ಯ ಮುಗಿದ ಮೇಲೆ ಮತ್ತೆ ಕೇಳಿಕೊಳ್ಳಿ.

ಮೊಟ್ಟೆಯಲ್ಲಿ ಸಿಗರೇಟು ಆರಿಸೋದು ಯಾಕೆ? ಅಸಹ್ಯ ಆಯ್ತು.

ಆಗಬೇಕೆಂದೇ ಇಟ್ಟದ್ದು. ಹಿಚ್‌ಕಾಕ್‌ಗೆ ಮೊಟ್ಟೆ ಕಂಡರಾಗುತ್ತಿರಲಿಲ್ಲ. ಹುರಿದ ಮೊಟ್ಟೆಯ ಹಳದಿಯಲ್ಲಿ ಜೆಸ್ಸಿ ಸಿಗರೇಟು ಚುಚ್ಚುವ ಒಂದೇ ಏಟಿಗೆ, ಆ ಹೆಂಗಸಿಗೆ ಐಷಾರಾಮಿ ಹೋಟೆಲಿನ ಮೇಲೆ ಎಳ್ಳಷ್ಟೂ ಭಕ್ತಿಯಿಲ್ಲ ಎಂಬುದು ತಿಳಿಯುತ್ತದೆ. ಒಡವೆ ಕಳೆದುಕೊಂಡಾಗಲೂ ಅವಳು ಅಳುವುದಿಲ್ಲ.

ಕೊನೇ ಮಾತಿಗೆ ಎಲ್ಲರೂ ನಗ್ತಾರೆ. ಅದು ಸುಖಾಂತ್ಯ ತಾನೇ?

ಅವನ ಮಟ್ಟಿಗೆ ಪೂರ್ತಿ ಅಲ್ಲ. ಫ್ರಾನ್ಸಿಸ್ ಬೆಟ್ಟದ ಮನೆಯ ತನಕ ಬೆನ್ನಟ್ಟಿ ಬರುತ್ತಾಳೆ. ತಾನು ಅಂದುಕೊಂಡಷ್ಟು ಒಂಟಿಯಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ, ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಆಗ ಅವಳು ಕಣಿವೆ, ಮನೆ ಎಲ್ಲ ನೋಡಿ, ಅಮ್ಮನಿಗೆ ಈ ಜಾಗ ತುಂಬ ಇಷ್ಟವಾಗುತ್ತದೆ ಎನ್ನುತ್ತಾಳೆ. ಅವಳ ಭುಜದ ಮೇಲಿಂದ ಗ್ರಾಂಟ್ ಮುಖ ನೋಡಿ. ಪೊಲೀಸರು ಬಂದಾಗಲೂ ಅಲುಗದ ಆ ಮುಖ ಈಗ ಅಲುಗುತ್ತದೆ.